ಟಾರ್ಗೆಟ್ಟೂ ಮುಟ್ಟಬೇಕು, ಜನರೂ ಉಳಿಯಬೇಕು

ಯೋಗ ದಿನಕ್ಕೊಂದು ಚಾಪೆ, ಮಹಿಳಾ ದಿನಕ್ಕೊಂದು ಗುಲಾಬಿ, ದೀಪಾವಳಿಗೊಂದು ಸ್ವೀಟ್ ಬಾಕ್ಸ್. ನೌಕರರ ಯೋಗಕ್ಷೇಮದ ಹೆಸರಿನಲ್ಲಿ ನಮ್ಮ ಬಹುಪಾಲು ಕಂಪನಿಗಳು ಮಾಡುವುದು ಇಷ್ಟು. ಬೇಡವೆನ್ನಲು ಕಾರಣವಿಲ್ಲ, ಸ್ವೀಟು ಯಾರಿಗೆ ಬೇಡ? ಆದರೆ ಮರುದಿನ ಕೆಲಸಕ್ಕೆ ಬಂದವರ ಎದುರಿಗೆ ನಿಲ್ಲುವುದು ಎಚ್‌ಆರ್ ವಿಭಾಗವಲ್ಲ, ಅವರ ನೇರ ಮೇಲಿನವರು. ರಜೆ ಕೇಳಬೇಕಾದದ್ದು ಅವರನ್ನೇ. ತಪ್ಪಾದರೆ ಹೇಳಬೇಕಾದದ್ದು ಅವರಿಗೇ. ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುವುದು ಎಂಬುದೂ ಅವರ ಕೈಯಲ್ಲೇ. ಕೆಲಸಗಾರರ ನೆಮ್ಮದಿಯೂ ಕೆಲಸದ ಗತಿಯೂ ಒಟ್ಟಿಗೆ ತೀರ್ಮಾನವಾಗುವುದು ಈ ನಡುವಿನ ಮನುಷ್ಯರಲ್ಲಿ.

ಈ ಲೇಖನ ಅಂಥವರಿಗೆ. ಗಾರ್ಮೆಂಟ್ಸ್ ಲೈನಿನ ಸೂಪರ್‌ವೈಸರ್, ಸಾಫ್ಟ್‌ವೇರ್ ಟೀಮ್ ಲೀಡ್, ಬ್ಯಾಂಕ್ ಶಾಖೆಯ ಮ್ಯಾನೇಜರ್, ಪೀಣ್ಯದ ಸಣ್ಣ ಶೆಡ್ಡಿನ ಫೋರ್‌ಮನ್, ಹೀಗೆ ಐದು ಜನರಿಂದ ಎಪ್ಪತ್ತು ಜನರವರೆಗೆ ಯಾರನ್ನಾದರೂ ದಿನವೂ ನಡೆಸುವವರಿಗೆ. ಸಂಬಳ ಏರಿಸುವ, ಹೊಸಬರನ್ನು ನೇಮಿಸುವ ಅಧಿಕಾರ ಇವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆ ಅಧಿಕಾರ ಇಲ್ಲದೆಯೂ ಮಾಡಬಹುದಾದದ್ದು ಎಷ್ಟೋ ಇದೆ.

ಬೆಂಗಳೂರಿನ ಹೊಲಿಗೆ ಲೈನುಗಳು ತೋರಿಸಿಕೊಟ್ಟದ್ದು

ಉದಾಹರಣೆಗಳನ್ನು ಹೆಚ್ಚಾಗಿ ಗಾರ್ಮೆಂಟ್ಸ್‌ನಿಂದ ಆಯ್ದುಕೊಂಡಿದ್ದೇನೆ. ಅಲ್ಲಿ ಕೆಲಸ ಕಣ್ಣಿಗೆ ಕಾಣುತ್ತದೆ. ಒಬ್ಬರು ಕಾಲರ್ ಕೂರಿಸಿದರೆ ಇನ್ನೊಬ್ಬರು ತೋಳು ಜೋಡಿಸುತ್ತಾರೆ, ಮತ್ತೊಬ್ಬರು ಕಫ್ ಹೊಲಿಯುತ್ತಾರೆ. ನಡುವೆ ಒಂದು ಮೆಷಿನ್ ನಿಂತರೆ ಮುಂದಿನವರ ಕೈ ಖಾಲಿ, ಹಿಂದಿನವರ ಪಕ್ಕ ಬಂಡಲ್ಲುಗಳ ರಾಶಿ. ಗಂಟೆಗೆಷ್ಟು ಪೀಸ್ ಆಯಿತೆಂದು ಬೋರ್ಡಿನ ಮೇಲೆ ಬರೆಯುವುದರಿಂದ, ಏನು ಬದಲಾಯಿಸಿದರೆ ಏನಾಗುತ್ತದೆ ಎಂದು ಅಳೆಯಲೂ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ್ ನಿಷಧಂ, ನಮ್ರತಾ ಕಾಲಾ ಮೊದಲಾದವರು ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ.

ಅವರ ಒಂದು ಪ್ರಯೋಗದಲ್ಲಿ ಲಾಟರಿಯಲ್ಲಿ ಹೆಸರು ಬಂದ ಕೆಲಸಗಾರ್ತಿಯರಿಗೆ ತಿಂಗಳುಗಟ್ಟಲೆ ತರಬೇತಿ ಸಿಕ್ಕಿತು. ಕಲಿಸಿದ್ದು ಹೊಲಿಗೆಯಲ್ಲ. ಅಳುಕದೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಬಿಡಿಸಿಕೊಳ್ಳುವುದು, ದುಡ್ಡಿನ ಲೆಕ್ಕ, ಆರೋಗ್ಯ, ಇಂಥವು. ತರಬೇತಿ ಮುಗಿದ ಮೇಲೆ ಇವರ ಉತ್ಪಾದಕತೆ ಹೆಸರು ಬಾರದವರಿಗಿಂತ ಶೇ. 13.5ರಷ್ಟು ಹೆಚ್ಚಾಗಿತ್ತು. ಮೇಲಿನವರನ್ನು ಕೇಳಿ ತಿಳಿದುಕೊಳ್ಳುವ, ಪಕ್ಕದವರ ಕೆಲಸವನ್ನೂ ಕಲಿಯುವ ಧೈರ್ಯ ಬಂದರೆ ಲೈನ್ ತಾನಾಗಿಯೇ ಓಡುತ್ತದೆ. ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಹೇಳಬೇಕು: ಆ ಹೆಣ್ಣುಮಕ್ಕಳ ಕೂಲಿ ಹೆಚ್ಚಿದ್ದು ಶೇ. 0.5 ಮಾತ್ರ. ಉತ್ಪಾದಕತೆಯ ಬಗ್ಗೆ ಭಾಷಣ ಮಾಡುವವರು ಮೊದಲ ಅಂಕಿಯನ್ನಷ್ಟೇ ಉದ್ಧರಿಸುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಪ್ರಯೋಗ ದೀಪದ್ದು. ವಿದ್ಯುತ್ ಉಳಿಸಲೆಂದು ಮೆಷಿನ್ನುಗಳ ಮೇಲಿನ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದರು. ಎಲ್‌ಇಡಿ ಕಡಿಮೆ ಬಿಸಿ ಕಾರುತ್ತದೆ. ತಲೆಯ ಮೇಲಿನ ಬಿಸಿ ಇಳಿದಾಗ, ಅದರಲ್ಲೂ ಸೆಕೆಯ ದಿನಗಳಲ್ಲಿ, ಕೆಲಸ ಚುರುಕಾಯಿತು. ಈ ಲಾಭವನ್ನೂ ಸೇರಿಸಿ ಎಣಿಸಿದಾಗ, ದೀಪಕ್ಕೆ ಹಾಕಿದ ಬಂಡವಾಳ ವಾಪಸಾಗಲು ಬೇಕಾದ ಕಾಲ ಬರೀ ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ಹೋಲಿಸಿದರೆ ಸುಮಾರು ಆರನೇ ಒಂದಕ್ಕೆ ಇಳಿಯಿತು. ‘ಮಧ್ಯಾಹ್ನದ ಮೇಲೆ ಇವರೆಲ್ಲ ಸೋಮಾರಿಗಳಾಗುತ್ತಾರೆ’ ಎಂದು ಗೊಣಗುವ ಮುನ್ನ, ಎರಡು ಗಂಟೆ ಹೊತ್ತಿಗೆ ಅವರು ಕೂರುವ ಜಾಗದಲ್ಲಿ ನೀವೇ ಅರ್ಧ ಗಂಟೆ ಕುಳಿತು ನೋಡಿ. ಫ್ಯಾನಿನ ಗಾಳಿ ಯಾವ ಸಾಲಿಗೆ ತಲುಪುತ್ತಿಲ್ಲ, ಕುಡಿಯುವ ನೀರು ಎಷ್ಟು ದೂರ, ಕುರ್ಚಿಗೆ ಬೆನ್ನು ಇದೆಯೇ ಎಂಬುದೆಲ್ಲ ಯಾವ ವರದಿಯೂ ಇಲ್ಲದೆ ತಿಳಿಯುತ್ತದೆ.

ನೀರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಶೌಚಾಲಯಕ್ಕೆ ಹೋಗಲು ಟೋಕನ್ ಕೊಡುವ, ಹೋಗಿಬಂದ ನಿಮಿಷ ಎಣಿಸುವ ಪದ್ಧತಿ ನಿಮ್ಮಲ್ಲಿದ್ದರೆ ಮೊದಲು ಅದನ್ನು ತೆಗೆಸಿ. ಹೋಗಲು ಬಿಡುವುದಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಬರುವುದು ತಲೆನೋವು, ಉರಿಮೂತ್ರ, ಅದರ ಹಿಂದೆ ಗೈರುಹಾಜರಿ. ಉಳಿಸಿದ ಐದು ನಿಮಿಷಕ್ಕೆ ತೆರುವುದು ಎರಡು ದಿನ.

ಮೂರನೆಯ ಪ್ರಯೋಗವೂ ಕುತೂಹಲದ್ದು. ವಾರ್ಷಿಕ ಕೂಲಿ ಏರಿಕೆ ನಿರೀಕ್ಷಿಸಿದಷ್ಟು ಬರಲಿಲ್ಲ, ಕೆಲಸಗಾರರು ಬೇಸರಗೊಂಡಿದ್ದರು. ಆಗ ಕೆಲವರನ್ನು ಮಾತ್ರ, ಹೆಸರು ಗುಟ್ಟಾಗಿಟ್ಟು, ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದರು. ಹಾಗೆ ಅಭಿಪ್ರಾಯ ಕೇಳಲಾದವರಲ್ಲಿ ಕೆಲಸ ಬಿಟ್ಟವರೂ ಗೈರಾದವರೂ ಕಡಿಮೆ. ಹೆಚ್ಚು ಬೇಸರಗೊಂಡಿದ್ದವರಲ್ಲೇ ಈ ವ್ಯತ್ಯಾಸ ಎದ್ದು ಕಂಡಿತು. ಬಾಯಿ ಬಿಡಲು ಒಳಗೆ ಜಾಗವಿಲ್ಲದಿದ್ದರೆ ಏನಾಗುತ್ತದೆಂದು ಬೆಂಗಳೂರು ಒಮ್ಮೆ ಕಂಡಿದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಳ್ಳಬೇಕಾಯಿತು.

ಆದರೆ ಕೇಳಿದ ಮಾತ್ರಕ್ಕೆ ಸಂಬಳದ ಸಾಲ ತೀರುವುದಿಲ್ಲ. ಈ ಅಭಿಪ್ರಾಯ ಕೇಳುವುದನ್ನು ಕೂಲಿ ಏರಿಸದಿರುವ ಉಪಾಯವೆಂದು ಓದಿಕೊಳ್ಳುವ ಮಾಲೀಕರಿದ್ದಾರೆ. ಅವರಿಗೆ ಎರಡನೇ ವರ್ಷ ಅದೇ ಪ್ರಶ್ನಾವಳಿಯಲ್ಲಿ ಖಾಲಿ ಹಾಳೆಗಳಷ್ಟೇ ಸಿಕ್ಕರೆ ಆಶ್ಚರ್ಯವಿಲ್ಲ.

ತಪ್ಪು ಹೇಳಿಕೊಂಡ ಮೊದಲ ನಿಮಿಷ

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸ್ ತಂಡಗಳನ್ನು ಅಧ್ಯಯನ ಮಾಡಿದಾಗ ಲೆಕ್ಕ ತಿರುವುಮುರುವಾಗಿ ಕಂಡಿತು. ಹೊಂದಾಣಿಕೆಯಿದ್ದ, ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡುಗಳಲ್ಲೇ ಔಷಧ ಕೊಡುವುದರಲ್ಲಿ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೆದಕಿದಾಗ ಗೊತ್ತಾಯಿತು: ಅಲ್ಲಿ ತಪ್ಪು ಹೆಚ್ಚಿರಲಿಲ್ಲ, ಹೇಳಿಕೊಳ್ಳುವವರು ಹೆಚ್ಚಿದ್ದರು. ಬೈಯಿಸಿಕೊಳ್ಳುವ ಭಯವಿದ್ದ ವಾರ್ಡುಗಳಲ್ಲಿ ತಪ್ಪುಗಳು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. ಬಾಯಿ ಬಿಟ್ಟರೆ ಮಾನ ಹೋಗದು ಎಂಬ ನಂಬಿಕೆ ತಂಡದಲ್ಲಿರಬೇಕೆಂದು ಅವರು 1999ರಲ್ಲಿ ಪ್ರಬಂಧ ಬರೆದರು. 2012ರಲ್ಲಿ ಗೂಗಲ್ ತನ್ನ ತಂಡಗಳಲ್ಲಿ ಕೆಲವು ಮಾತ್ರ ಏಕೆ ಚೆನ್ನಾಗಿ ನಡೆಯುತ್ತವೆಂದು ಹುಡುಕಲು ಹೊರಟಾಗಲೂ ಪಟ್ಟಿಯ ಮೊದಲಿಗೆ ಬಂದದ್ದು ಇದೇ. ಟೊಯೋಟಾ ಕಾರ್ಖಾನೆಗಳಲ್ಲಿ ಇದಕ್ಕೊಂದು ಹಗ್ಗವೇ ಇತ್ತು. ದೋಷ ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದಿತ್ತು. ಮೇಲಿನವರು ಓಡಿಬರುತ್ತಿದ್ದರು. ಕೂಡಲೇ ಸರಿಹೋಗದಿದ್ದರೆ ಲೈನೇ ನಿಲ್ಲುತ್ತಿತ್ತು.

ನಿಮ್ಮಲ್ಲಿ ಹಗ್ಗ ಬೇಕಿಲ್ಲ. ಯಾರಾದರೂ ಬಂದು ‘ಸರ್, ಒಂದು ಎಡವಟ್ಟಾಗಿದೆ’ ಎಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಯಾವುದೆಂದು ಗಮನಿಸಿ. ‘ಯಾರು ಮಾಡಿದ್ದು?’ ಎಂದರೆ ಮುಂದಿನ ಸಲ ಯಾರೂ ಬರುವುದಿಲ್ಲ. ತಪ್ಪು ಹೊಲಿಗೆಯ ಪೀಸುಗಳು ಬಂಡಲ್ಲಿನ ಅಡಿಗೆ ಸೇರಿ, ಚೆಕಿಂಗ್ ಟೇಬಲ್ಲಿಗೆ ಬರುವ ಹೊತ್ತಿಗೆ ನೂರಾರು ಪೀಸ್ ಮರುಕೆಲಸಕ್ಕೆ, ಅಂದರೆ ಆಲ್ಟರ್‌ಗೆ ಬಿದ್ದಿರುತ್ತವೆ. ಸಾಫ್ಟ್‌ವೇರಿನಲ್ಲಾದರೆ ದೋಷ ಗೊತ್ತಿದ್ದೂ ಬಾಯಿಮುಚ್ಚಿಕೊಂಡು ಶುಕ್ರವಾರ ಸಂಜೆ ರಿಲೀಸ್ ಮಾಡುತ್ತಾರೆ, ಶನಿವಾರ ಗ್ರಾಹಕರ ಫೋನ್ ಬರುತ್ತದೆ. ಬದಲಿಗೆ ಹೀಗೆ ಹೇಳಿ ನೋಡಿ: ‘ಬೇಗ ಹೇಳಿದ್ದು ಒಳ್ಳೆಯದಾಯಿತು. ಎಷ್ಟು ದೂರ ಹೋಗಿದೆ? ಈಗ ಏನನ್ನು ನಿಲ್ಲಿಸಬೇಕು?’ ಯಾರು, ಏಕೆ ಎಂಬ ವಿಚಾರಣೆ ಮಧ್ಯಾಹ್ನಕ್ಕಿರಲಿ, ಅದೂ ಒಬ್ಬರನ್ನೇ ಕರೆದು. ಎಲ್ಲರೆದುರು ಒಬ್ಬರನ್ನು ಬೈದರೆ ಪಾಠ ಕಲಿಯುವುದು ಆ ಒಬ್ಬರಲ್ಲ, ಉಳಿದ ಐವತ್ತು ಜನ. ಕಲಿಯುವ ಪಾಠ ಒಂದೇ, ಮುಚ್ಚಿಡುವುದು.

ಬೇಕೆಂದೇ ಕೆಲಸ ಕೆಡಿಸುವವರನ್ನೂ ಸುಮ್ಮನೆ ಬಿಡಬೇಕೇ ಎಂದು ಕೇಳಬಹುದು. ಬಿಡಬೇಕಿಲ್ಲ. ಗೊತ್ತಿಲ್ಲದೆ ಆದದ್ದು, ಅವಸರಕ್ಕೆ ಆದದ್ದು, ಗೊತ್ತಿದ್ದೂ ನಿಯಮ ಮುರಿದದ್ದು ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಕಲಿಸಬೇಕು. ಎರಡನೆಯದರಲ್ಲಿ ನೀವು ಕೊಟ್ಟ ಗಡುವಿನ ಪಾಲೆಷ್ಟು ಎಂದು ನೋಡಿಕೊಳ್ಳಬೇಕು. ಶಿಸ್ತುಕ್ರಮ ಮೂರನೆಯದಕ್ಕೆ ಮಾತ್ರ.

ಇನ್ನು ಕರೆಯುವ ರೀತಿ. ತಾಯಿಯ ವಯಸ್ಸಿನವರನ್ನು ‘ಏನೇ, ಬಾರೇ’ ಎಂದು ಕೂಗುವ ಇಪ್ಪತ್ತೈದರ ಸೂಪರ್‌ವೈಸರುಗಳು ಈಗಲೂ ಇದ್ದಾರೆ. ಅವರೇ ಆಫೀಸಿನ ಗುಮಾಸ್ತೆಗೆ ‘ಮೇಡಂ, ಬನ್ನಿ’ ಎನ್ನುತ್ತಾರೆ. ಹೆಸರು ಹಿಡಿದು ಬಹುವಚನದಲ್ಲಿ ಕರೆಯಲು, ಇಲ್ಲವೇ ‘ಅಕ್ಕ’ ಎನ್ನಲು, ಯಾವ ಬಜೆಟ್ಟೂ ಬೇಕಿಲ್ಲ.

ಗಂಟೆ ಹೆಚ್ಚಿದರೆ ಕೆಲಸ ಹೆಚ್ಚುವುದೇ?

2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. ಈ ಹರಾಜಿಗೆ ಇಳಿಯುವ ಮುನ್ನ ಒಂದು ಹಳೆಯ ಲೆಕ್ಕ ನೋಡುವುದು ಒಳ್ಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ, ಹೆಚ್ಚಾಗಿ ಹೆಂಗಸರೇ, ವಾರಗಟ್ಟಲೆ ಬಿಡುವಿಲ್ಲದೆ ದುಡಿದರು. ಆ ದಾಖಲೆಗಳನ್ನು ಸ್ಟ್ಯಾನ್‌ಫರ್ಡಿನ ಜಾನ್ ಪೆನ್ಕವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಗಂಟೆ ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚುತ್ತಿತ್ತು. ಅಲ್ಲಿಂದಾಚೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತ ಬಂತು. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರದಕ್ಕೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ದೇಹಕ್ಕಾಗುವ ನಷ್ಟ ಬೇರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೇಳಿವೆ.

ಕಾರ್ಖಾನೆಗಳಲ್ಲಿ ವಾರಕ್ಕೆ 48 ಗಂಟೆ, ಮೀರಿದರೆ ದುಪ್ಪಟ್ಟು ಕೂಲಿ ಎಂಬ ನಿಯಮ 1948ರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಓವರ್‌ಟೈಮ್, ಅಂದರೆ ಓಟಿ, ಬೇಕೇ ಬೇಕೆನ್ನುವ ದಿನಗಳು ಬರುತ್ತವೆ, ಶಿಪ್‌ಮೆಂಟ್ ಕಾಯುವುದಿಲ್ಲ. ಆಗ ಪಾಲಿಸಬೇಕಾದ ರೀತಿ ಇಷ್ಟು. ಊಟದ ಬಿಡುವಿಗೆ ಮುಂಚೆಯೇ ತಿಳಿಸಿ. ಐದೂವರೆಗೆ ಹೇಳಿದರೆ ಮಗುವನ್ನು ಕರೆತರಬೇಕಾದವಳು, ಹಳ್ಳಿಯ ಕಡೆಯ ಬಸ್ಸು ಹಿಡಿಯಬೇಕಾದವಳು ಏನು ಮಾಡಬೇಕು? ‘ನಿಲ್ಲಬಹುದಾ?’ ಎಂದು ಕೇಳಿ, ಆಗದು ಎಂದವರ ಹೆಸರನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಡಿ. ನಿಂತ ಹೊತ್ತನ್ನು ಅದೇ ದಿನ ಪುಸ್ತಕಕ್ಕೆ ಏರಿಸಿ, ಅವರಿಗೂ ತೋರಿಸಿ. ಸತತ ಮೂರನೇ ವಾರವೂ ಓಟಿ ಬಿದ್ದರೆ ಕಾರಣವನ್ನು ಲೈನಿನಲ್ಲಿ ಹುಡುಕಬೇಡಿ. ಕಟಿಂಗ್‌ನಿಂದ ಮಾಲು ತಡವಾಯಿತೇ, ಗುಂಡಿ ಜಿಪ್ಪು ಬಂದಿರಲಿಲ್ಲವೇ, ಮೆಷಿನ್ ಕೆಟ್ಟು ಎಷ್ಟು ಹೊತ್ತು ನಿಂತಿತ್ತು ಎಂದು ಬರೆದು ಮೇಲಕ್ಕೆ ಕಳಿಸಿ. ಬೆಳಗಿನ ಹೊತ್ತು ಮಾಲಿಲ್ಲದೆ ಕುಳಿತ ಗಂಟೆಯನ್ನು ರಾತ್ರಿ ದುಡಿಸಿ ತುಂಬಿಸಿಕೊಳ್ಳುವುದು ಅನೇಕ ಕಡೆ ಯೋಜನೆ ಎನಿಸಿಕೊಂಡಿದೆ.

ಕಂಪ್ಯೂಟರ್ ಮುಂದೆ ದುಡಿಯುವವರ ಓಟಿ ಫೋನಿನಲ್ಲಿ ನಡೆಯುತ್ತದೆ. ರಾತ್ರಿ ಹತ್ತೂವರೆಗೆ ಟೀಮಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನೀವು ಹಾಕುವ ‘ನಾಳೆ ನೋಡಿದರೆ ಸಾಕು’ ಎಂಬ ಸಂದೇಶವನ್ನು ಯಾರೂ ನಾಳೆ ನೋಡುವುದಿಲ್ಲ, ಆಗಲೇ ನೋಡುತ್ತಾರೆ. ಆಗ ಹೊಳೆದದ್ದನ್ನು ಬರೆದಿಡಿ, ಬೆಳಿಗ್ಗೆ ಒಂಬತ್ತಕ್ಕೆ ತಾನೇ ಹೋಗುವಂತೆ ಸಮಯ ನಿಗದಿ ಮಾಡಿ. ನಿಜಕ್ಕೂ ತುರ್ತಾದರೆ ಫೋನ್ ಮಾಡುತ್ತೇನೆ, ಸಂದೇಶಕ್ಕೆ ರಾತ್ರಿ ಉತ್ತರ ಬೇಡ ಎಂದು ತಂಡಕ್ಕೆ ಒಮ್ಮೆ ಸ್ಪಷ್ಟವಾಗಿ ಹೇಳಿ. ಹೇಳಿದ ಮೇಲೆ ಮೊದಲು ಮುರಿಯುವವರು ನೀವಾಗಬೇಡಿ.

ಆರಾಮಾ ಎಂದು ಕೇಳಿದರೆ ಆರಾಮ ಎಂದೇ ಉತ್ತರ

ತಂಡದ ಪ್ರತಿಯೊಬ್ಬರ ಜೊತೆ ಒಬ್ಬೊಬ್ಬರಾಗಿ ಹದಿನೈದು ನಿಮಿಷ ಮಾತಾಡುವ ಅಭ್ಯಾಸ ಇಟ್ಟುಕೊಳ್ಳಿ. ಎಂಟು ಜನರ ತಂಡವಾದರೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಆಗುತ್ತದೆ. ಐವತ್ತು ಜನರ ಲೈನಾದರೆ ದಿನಕ್ಕಿಬ್ಬರಂತೆ ಹಿಡಿದರೂ ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ‘ಎಲ್ಲಾ ಆರಾಮಾ?’ ಎಂದರೆ ‘ಆರಾಮ ಸರ್’ ಎಂದು ಎದ್ದು ಹೋಗುತ್ತಾರೆ. ‘ಈ ವಾರ ನಿಮ್ಮ ಕೆಲಸಕ್ಕೆ ಅಡ್ಡ ಬಂದದ್ದು ಏನು?’ ಎಂದು ಕೇಳಿ. ‘ನಾನು ಮಾಡುವುದರಲ್ಲಿ ಯಾವುದನ್ನು ನಿಲ್ಲಿಸಿದರೆ ನಿಮಗೆ ಅನುಕೂಲ?’ ಎಂದು ಕೇಳಿ. ಇದಕ್ಕೆ ಮೊದಲೆರಡು ಸಲ ನಗು ಬಿಟ್ಟು ಬೇರೆ ಉತ್ತರ ಬರುವುದಿಲ್ಲ, ಮೂರನೆಯ ಸಲ ಬರಬಹುದು. ‘ಇನ್ನೇನು ಕಲಿಯಬೇಕೆಂದಿದ್ದೀರಿ?’ ಎಂಬುದನ್ನು ಹೆಲ್ಪರುಗಳಿಗೆ ಮುಖ್ಯವಾಗಿ ಕೇಳಿ. ಅವರನ್ನು ಯಾರೂ ಕೇಳಿರುವುದಿಲ್ಲ.

ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳಿ. ಮಾಡಲಾಗುವುದನ್ನು ವಾರದೊಳಗೆ ಮಾಡಿ. ಆಗದಿದ್ದರೆ ಆಗದು, ಇಂಥ ಕಾರಣಕ್ಕೆ ಎಂದು ಹೋಗಿ ತಿಳಿಸಿ. ಕೇಳಿಸಿಕೊಂಡು ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು.

ರಜೆ

ಯುಗಾದಿ, ಊರಹಬ್ಬ, ಜಾತ್ರೆ, ಮದುವೆಯ ತಿಂಗಳು ಯಾವಾಗ ಬರುತ್ತವೆಂದು ಪಂಚಾಂಗದಲ್ಲೇ ಇದೆ. ಆದರೂ ಹಬ್ಬದ ಮಾರನೆಯ ದಿನ ಅರ್ಧ ಲೈನ್ ಖಾಲಿಯಾದಾಗ ನಾವು ಪ್ರತಿವರ್ಷ ಬೆಚ್ಚಿಬೀಳುತ್ತೇವೆ. ಗೋಡೆಗೊಂದು ಕ್ಯಾಲೆಂಡರ್ ಹಾಕಿ, ಯಾರು ಯಾವ ದಿನ ಬರುವುದಿಲ್ಲವೆಂದು ತಿಂಗಳ ಮೊದಲೇ ಅವರೇ ಬರೆಯಲಿ. ರಜೆಗೆ ಗೋಗರೆಯಬೇಕಾದ ಕಡೆ ಜನ ಸುಳ್ಳು ಹೇಳುತ್ತಾರೆ, ಒಂದೇ ಅಜ್ಜಿ ಮೂರು ಸಲ ತೀರಿಕೊಳ್ಳುತ್ತಾಳೆ. ಸುಲಭವಾಗಿ ಸಿಗುವ ಕಡೆ ಮೊದಲೇ ತಿಳಿಸುತ್ತಾರೆ, ನೀವು ಬದಲಿ ಏರ್ಪಾಡು ಮಾಡಿಕೊಳ್ಳಬಹುದು. ಪ್ರತಿ ಕಷ್ಟದ ಕೆಲಸಕ್ಕೂ ಅದನ್ನು ಬಲ್ಲ ಇನ್ನೊಬ್ಬರನ್ನು ತಯಾರು ಮಾಡಿಟ್ಟರೆ ರಜೆ ಕೊಡಲು ಕೈ ನಡುಗುವುದಿಲ್ಲ.

ಮುಟ್ಟಿನ ದಿನಗಳಿಗಾಗಿ ತಿಂಗಳಿಗೊಂದು ಸಂಬಳಸಹಿತ ರಜೆ ಕೊಡಬೇಕೆಂದು ಕರ್ನಾಟಕ ಸರ್ಕಾರ 2025ರಲ್ಲಿ ಆದೇಶ ಹೊರಡಿಸಿತು. ಸೂಪರ್‌ವೈಸರ್ ಗಂಡಸಾದರೆ ಕೇಳಲು ಮುಜುಗರ ಸಹಜ. ಕೇಳುವ ದಾರಿಯನ್ನು ಮಹಿಳಾ ಸಹೋದ್ಯೋಗಿಯೊಬ್ಬರ ಮೂಲಕವೋ ಒಂದು ಚೀಟಿಯ ಮೂಲಕವೋ ಸರಳ ಮಾಡಿ. ಕಾರಣ ಕೆದಕಬೇಡಿ, ಹಾಜರಿ ಕರೆಯುವಾಗ ಎಲ್ಲರೆದುರು ಹೇಳಬೇಡಿ.

ಒಬ್ಬರು ಕುಗ್ಗುತ್ತಿದ್ದಾರೆ ಅನ್ನಿಸಿದಾಗ

ನಗುತ್ತಿದ್ದವರು ಮಾತು ಬಿಟ್ಟಿದ್ದಾರೆ, ಸಮಯಕ್ಕೆ ಸರಿಯಾಗಿ ಬರುತ್ತಿದ್ದವರು ತಡವಾಗುತ್ತಿದ್ದಾರೆ, ಸಣ್ಣದಕ್ಕೆಲ್ಲ ಕಣ್ಣು ತುಂಬುತ್ತದೆ, ಒಬ್ಬರೇ ಊಟಕ್ಕೆ ಕೂರುತ್ತಾರೆ. ಇಂಥದ್ದು ಎರಡು ವಾರ ಕಂಡರೆ ಪಕ್ಕಕ್ಕೆ ಕರೆದು, ‘ನೀವು ಎಂದಿನಂತಿಲ್ಲ ಅನ್ನಿಸಿತು, ಹೇಳುವಂಥದ್ದಿದ್ದರೆ ಕೇಳುತ್ತೇನೆ’ ಎಂದಷ್ಟೇ ಹೇಳಿ. ಕಾಯಿಲೆಯ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. ‘ಮನಸ್ಸು ಗಟ್ಟಿ ಮಾಡ್ಕೊಳಿ’ ಎಂಬ ಉಪದೇಶವೂ ಬೇಡ. ಕೆಲಸದಲ್ಲಿ ಏನು ಹಗುರ ಮಾಡಬಹುದು ಎಂದು ಕೇಳಿ: ಕೆಲವು ದಿನ ಬೇರೆ ಜಾಗ, ಬೇರೆ ಪಾಳಿ, ಗಡುವು ಮುಂದೂಡಿಕೆ. 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಹಾಕುವುದಕ್ಕಿಂತ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸುವುದು ವಾಸಿ. ಅಲ್ಲಿ ಯಾರೂ ನೋಡದಂತೆ ಬರೆದುಕೊಳ್ಳಬಹುದು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ಮನೆಯವರನ್ನೋ ವೈದ್ಯರನ್ನೋ ಕೂಡಲೇ ಸಂಪರ್ಕಿಸಿ. ಮಿಕ್ಕಂತೆ ಅವರು ಹೇಳಿದ್ದು ನಿಮ್ಮಲ್ಲೇ ಉಳಿಯಲಿ.

ಲೈಂಗಿಕ ಕಿರುಕುಳದ ದೂರು ಬಂದರೆ ಮಾತ್ರ ನೀವೇ ಪಂಚಾಯ್ತಿ ಮಾಡಿ ರಾಜಿ ಮಾಡಿಸಲು ಹೋಗಬೇಡಿ. ಹತ್ತು ಮತ್ತು ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ದೂರು ಕೊಡುವವರಿಗೆ ಆ ದಾರಿ ತೋರಿಸಿ.

ಮೂರು ತಿಂಗಳ ಮೇಲೆ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಒಂದೂ ನಿಲ್ಲುವುದಿಲ್ಲ. ಮೊದಲ ತಿಂಗಳು ತಪ್ಪು ಕೇಳಿಸಿಕೊಳ್ಳುವ ರೀತಿ ಮತ್ತು ಓಟಿ ತಿಳಿಸುವ ಸಮಯ, ಇವೆರಡನ್ನೇ ಹಿಡಿಯಿರಿ. ಒಬ್ಬೊಬ್ಬರಾಗಿ ಮಾತಾಡುವುದನ್ನು ಎರಡನೆಯ ತಿಂಗಳಿಗೆ ಸೇರಿಸಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ವಾರದ ಗೈರುಹಾಜರಿ, ತಿಳಿಸದೆ ಗೈರಾದವರೆಷ್ಟು, ಆಲ್ಟರ್ ಅಥವಾ ಮರುಕೆಲಸ ಎಷ್ಟು, ಓಟಿ ಗಂಟೆ ಎಷ್ಟು, ಕೆಲಸ ಬಿಟ್ಟವರೆಷ್ಟು ಎಂದು ಬರೆಯುತ್ತ ಹೋಗಿ. ದಿನದ ಟಾರ್ಗೆಟ್ ಒಂದನ್ನೇ ನೋಡಿದರೆ ಇವು ಕಾಣುವುದಿಲ್ಲ.

ಮೊದಲ ಕೆಲವು ವಾರ ಒಂದು ವಿಚಿತ್ರ ನಡೆಯುತ್ತದೆ: ನಿಮ್ಮ ಲೈನಿನ ತಪ್ಪುಗಳ ಸಂಖ್ಯೆ ಏರುತ್ತದೆ. ಆ ನರ್ಸುಗಳ ವಾರ್ಡಿನಲ್ಲಿ ಆದದ್ದೇ ಇದು, ಅಲ್ಲಿಯವರೆಗೆ ಬಂಡಲ್ಲಿನ ಅಡಿಯಲ್ಲಿದ್ದದ್ದು ಮೇಲೆ ಬಂದಿರುತ್ತದೆ. ಈ ಅಂಕಿಯನ್ನು ಪ್ರೊಡಕ್ಷನ್ ಮ್ಯಾನೇಜರ್ ನೋಡಿ ನಿಮ್ಮನ್ನೇ ಮೀಟಿಂಗಿನಲ್ಲಿ ಎದ್ದು ನಿಲ್ಲಿಸುವ ಸಂಭವವಿದೆ. ಆದ್ದರಿಂದ ಶುರು ಮಾಡುವ ಮುನ್ನವೇ ಅವರ ಹತ್ತಿರ ಹೋಗಿ, ‘ಈ ತಿಂಗಳು ದೋಷದ ಲೆಕ್ಕ ಹೆಚ್ಚಾಗಿ ಕಾಣುತ್ತದೆ, ಚೆಕಿಂಗ್ ಟೇಬಲ್ಲಿಗೆ ಬರುವ ಆಲ್ಟರ್ ಕಡಿಮೆಯಾಗುತ್ತದೆಯೇ ನೋಡೋಣ, ಮೂರು ತಿಂಗಳು ಕೊಡಿ’ ಎಂದು ಮಾತು ಪಡೆದುಕೊಳ್ಳಿ, ಸಾಧ್ಯವಾದರೆ ಈಮೇಲಿನಲ್ಲಿ. ಅವರು ಒಪ್ಪದಿದ್ದರೆ ಓಟಿ ಸಮಯಕ್ಕೆ ಮುಂಚೆ ತಿಳಿಸುವುದರಿಂದ ಆರಂಭಿಸಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.